‘ಆಟ ಕೆಡಿಸಿಬಿಟ್ರು’: ಫುಟ್ಟಿ ನಿಯಮ ಬದಲಾದಾಗಲೆಲ್ಲ ಕೇಳುವ ಈ ಮಾತು ಎಷ್ಟು ನಿಜ?

ಮೆಲ್ಬರ್ನ್‌ನಲ್ಲೋ ಅಡಿಲೇಡ್‌ನಲ್ಲೋ ನೆಂಟರು, ಗೆಳೆಯರು ಇರುವವರ ಫೋನಿಗೆ ಒಂದಲ್ಲ ಒಂದು ದಿನ ಫುಟ್ಟಿ ವಿಡಿಯೊ ಬಂದೇ ಬಂದಿರುತ್ತದೆ. ತೋಳಿಲ್ಲದ ಜೆರ್ಸಿ ತೊಟ್ಟ ಆಟಗಾರ ಇನ್ನೊಬ್ಬನ ಬೆನ್ನ ಮೇಲೆ ಹತ್ತಿ ಗಾಳಿಯಲ್ಲೇ ಚೆಂಡು ಹಿಡಿಯುವ ದೃಶ್ಯ. ಅದರ ಕೆಳಗೆ ಬರುವ ಮಾತುಗಳೂ ಹೆಚ್ಚುಕಡಿಮೆ ಒಂದೇ ಥರ: ‘ಇದು ಹಳೇ ಆಟ. ಈಗ ವರ್ಷಕ್ಕೊಂದು ನಿಯಮ ತಂದು ಆಟ ಕೆಡಿಸಿಬಿಟ್ಟಿದ್ದಾರೆ’, ‘ಯಾವ ಅಭಿಮಾನಿಗೂ ಇದು ಬೇಕಿಲ್ಲ’, ‘ಆಟ ಮೆತ್ತಗಾಯಿತು’.

2026ರ ಸೀಸನ್‌ಗೆಂದು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್, 2025ರ ಕೊನೆಯಲ್ಲಿ ಒಂದಷ್ಟು ಹೊಸ ನಿಯಮ ಘೋಷಿಸಿದ ಮೇಲೆ ಈ ಮಾತುಗಳ ಸದ್ದು ಇನ್ನೂ ಜೋರಾಯಿತು. ಇವುಗಳಲ್ಲಿ ಎಷ್ಟು ಇತಿಹಾಸ, ಎಷ್ಟು ಸಿಟ್ಟು, ಎಷ್ಟು ನಿಜವಾದ ಆತಂಕ ಇದೆ ಎಂದು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ‘ಮೊದಲು ಈ ಆಟದ ನಿಯಮ ಬದಲಾಗುತ್ತಿರಲಿಲ್ಲ’ – ತಪ್ಪು. 1859ರಿಂದಲೂ ಬದಲಾಗುತ್ತಲೇ ಬಂದಿದೆ.
• ‘ಅಭಿಮಾನಿಗಳೆಲ್ಲ ವಿರೋಧಿಸುತ್ತಾರೆ’ – ಆಧಾರ ಸಾಲದು. ವಿರೋಧಿಸುವವರ ದನಿ ಹೆಚ್ಚು ಕೇಳಿಸುತ್ತದೆ.
• ‘ಹೊಸ ನಿಯಮ ಬಂದರೆ ಗೋಲು ಹೆಚ್ಚುತ್ತದೆ’ – ಯಾವಾಗಲೂ ಅಲ್ಲ. ಈ ವಿಷಯದಲ್ಲಿ ಅಭಿಮಾನಿಗಳ ಅನುಮಾನಕ್ಕೆ ಬೆಲೆ ಇದೆ.
• ‘ತಲೆಗೆ ಪೆಟ್ಟು ತಪ್ಪಿಸುವ ನಿಯಮ ಆಟವನ್ನು ಮೆತ್ತಗೆ ಮಾಡಿದೆ’ – ಇದು ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಮೊದಲು, ಈ ಆಟ ಯಾವುದು?

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅನ್ನು ಅಲ್ಲಿನವರು ಪ್ರೀತಿಯಿಂದ ‘ಫುಟ್ಟಿ’ ಎನ್ನುತ್ತಾರೆ. ಒಂದೊಂದು ತಂಡದಲ್ಲಿ 18 ಮಂದಿ ಮೈದಾನದಲ್ಲಿರುತ್ತಾರೆ. ಮೈದಾನ ಮೊಟ್ಟೆಯಾಕಾರದ್ದು. ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುವ ಮೈದಾನದಲ್ಲೇ ಚಳಿಗಾಲದಲ್ಲಿ ಫುಟ್ಟಿ ನಡೆಯುತ್ತದೆ. ನಾವು ಕ್ರಿಕೆಟ್‌ನಿಂದ ಬಲ್ಲ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲೇ ಫುಟ್ಟಿಯ ಗ್ರ್ಯಾಂಡ್ ಫೈನಲ್. ಒಂದು ಲಕ್ಷ ಜನ ಸೇರುವುದು ಅಲ್ಲಿ ಮಾಮೂಲು.

ಚೆಂಡನ್ನು ಒದೆಯಬಹುದು, ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬಹುದು, ಆದರೆ ಎಸೆಯುವಂತಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ದೊಡ್ಡ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದ ಸಣ್ಣ ಕಂಬದ ಕಡೆ ಹೋದರೆ ‘ಬಿಹೈಂಡ್’, 1 ಪಾಯಿಂಟ್. ಕನಿಷ್ಠ 15 ಮೀಟರ್ ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ ಸಿಗುತ್ತದೆ. ಆಫ್‌ಸೈಡ್ ನಿಯಮ ಇಲ್ಲ. 36 ಮಂದಿಯೂ ಮೈದಾನದಲ್ಲಿ ಎಲ್ಲಿ ಬೇಕಾದರೂ ಓಡಬಹುದು.

ಈ ಕೊನೆಯ ಮಾತನ್ನು ನೆನಪಿಡಿ. ಕಳೆದ 50 ವರ್ಷದ ಬಹುಪಾಲು ನಿಯಮ ಬದಲಾವಣೆಗಳ ಮೂಲ ಇದೇ. ಎಲ್ಲರೂ ಎಲ್ಲಿ ಬೇಕಾದರೂ ಓಡಬಹುದು ಎಂದಾಗ ಎಲ್ಲರೂ ಚೆಂಡಿದ್ದ ಕಡೆಗೇ ಓಡುತ್ತಾರೆ. ಆಗ ಆಟ ಸಂತೆಯಾಗುತ್ತದೆ.

ಮಾತು 1: ‘ಹಿಂದೆಲ್ಲ ನಿಯಮ ಮುಟ್ಟುತ್ತಿರಲಿಲ್ಲ’

ದಾಖಲೆ ಬೇರೆಯೇ ಹೇಳುತ್ತದೆ.

1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್‌ನ ಕೆಲವರು ಸೇರಿ ಹತ್ತು ನಿಯಮ ಬರೆದರು. ಟಾಮ್ ವಿಲ್ಸ್ ಎಂಬ ಹೆಸರಾಂತ ಕ್ರಿಕೆಟಿಗ ಅವರಲ್ಲೊಬ್ಬ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ ಎಂದು ಹಿಂದಿನ ವರ್ಷವೇ ಪತ್ರಿಕೆಗೆ ಪತ್ರ ಬರೆದು ಫುಟ್‌ಬಾಲ್ ಕ್ಲಬ್ ಬೇಕೆಂದು ಕೇಳಿದ್ದವನು ಅವನೇ. ಆ ಹತ್ತು ನಿಯಮದ ಆಟವನ್ನು ಇವತ್ತಿನ ಅಭಿಮಾನಿಗೆ ತೋರಿಸಿದರೆ ಗುರುತು ಹಿಡಿಯುವುದೇ ಕಷ್ಟ.

ಆಮೇಲೆ ಆದದ್ದನ್ನು ಸಾಲಾಗಿ ನೋಡಿ.

• 1897: ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಶುರು. ಗೋಲಿಗೆ 6, ಬಿಹೈಂಡ್‌ಗೆ 1 ಪಾಯಿಂಟ್ ಎಂಬ ಲೆಕ್ಕ ಬಂತು. ಈ ಲೀಗ್‌ಗೇ 1990ರಲ್ಲಿ ಎಎಫ್‌ಎಲ್ ಎಂಬ ಹೆಸರಾಯಿತು.
• 1899: ತಂಡದ ಬಲ 20ರಿಂದ 18ಕ್ಕೆ ಇಳಿಯಿತು.
• 1925: ಚೆಂಡು ಗೆರೆ ದಾಟಿದರೆ ಕೊನೆಗೆ ಆಡಿದ ತಂಡದ ವಿರುದ್ಧ ಫ್ರೀ ಕಿಕ್. ಇದನ್ನು 1939ರಲ್ಲಿ ಕೈಬಿಟ್ಟು, ಅಂಪೈರ್ ಚೆಂಡನ್ನು ಮೈದಾನದೊಳಕ್ಕೆ ಎಸೆಯುವ ಪದ್ಧತಿಗೆ ಮರಳಿದರು.
• 1969: ಒದ್ದ ಚೆಂಡು ನೆಲ ಮುಟ್ಟದೆ ನೇರವಾಗಿ ಗೆರೆಯಾಚೆ ಹೋದರೆ ಎದುರಾಳಿಗೆ ಫ್ರೀ ಕಿಕ್.
• 1973: ಮೈದಾನದ ನಡುವೆ ವಜ್ರಾಕಾರದ ಗೆರೆ. 1975ರಲ್ಲಿ ಅದು ಚೌಕವಾಯಿತು. ಆಟ ಶುರುವಾಗುವಾಗ ಅದರೊಳಗೆ ತಂಡಕ್ಕೆ ನಾಲ್ವರು ಮಾತ್ರ.
• 1976: ಒಬ್ಬರ ಬದಲು ಇಬ್ಬರು ಫೀಲ್ಡ್ ಅಂಪೈರ್. 1994ರಲ್ಲಿ ಮೂವರು, 2023ರಿಂದ ನಾಲ್ವರು.
• 1978: ಇಂಟರ್‌ಚೇಂಜ್, ಅಂದರೆ ಬೆಂಚಿನಲ್ಲಿ ಕೂತವರು ಆಟದ ನಡುವೆ ಒಳಗೂ ಹೊರಗೂ ಓಡಾಡುವ ವ್ಯವಸ್ಥೆ.

1925ರ ಸಾಲನ್ನು ಇನ್ನೊಮ್ಮೆ ಓದಿ. 2026ಕ್ಕೆಂದು ಘೋಷಿಸಿದ ನಿಯಮಗಳಲ್ಲಿ ಹೆಚ್ಚು ಚರ್ಚೆಯಾದದ್ದು ‘ಲಾಸ್ಟ್ ಡಿಸ್ಪೋಸಲ್’. ಎರಡೂ ಕಡೆಯ 50 ಮೀಟರ್ ಕಮಾನುಗಳ ನಡುವಿನ ಜಾಗದಲ್ಲಿ ಒಂದು ತಂಡ ಒದ್ದ ಅಥವಾ ಗುದ್ದಿದ ಚೆಂಡು ಯಾರನ್ನೂ ಮುಟ್ಟದೆ ಗೆರೆ ದಾಟಿದರೆ ಎದುರಾಳಿಗೆ ಫ್ರೀ ಕಿಕ್. ‘ನಮ್ಮ ಆಟದಲ್ಲಿ ಇಂಥದ್ದು ಎಂದೂ ಇರಲಿಲ್ಲ’ ಎಂದು ಸಿಟ್ಟಾಗುವವರ ಅಜ್ಜ, ಮುತ್ತಜ್ಜ ಇದರ ಹತ್ತಿರದ ಸಂಬಂಧಿಯಾದ ನಿಯಮದಡಿ ಹದಿಮೂರು ಹದಿನಾಲ್ಕು ವರ್ಷ ಆಟ ನೋಡಿದ್ದರು. ಸೌತ್ ಆಸ್ಟ್ರೇಲಿಯಾದ ರಾಜ್ಯ ಲೀಗ್ 2016ರಿಂದಲೇ ಇದನ್ನು ಆಡುತ್ತಿದೆ. ಮಹಿಳೆಯರ ಲೀಗ್‌ಗೂ ಇದು ಹೊಸದಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಹಲವು ಪೋಸ್ಟ್‌ಗಳಲ್ಲಿ ಇದನ್ನು ‘ಲಾಸ್ಟ್ ಟಚ್’ ಎಂದು ಬರೆದಿರುತ್ತಾರೆ. ಅದು ಬೇರೆ. ‘ಲಾಸ್ಟ್ ಟಚ್’ ಎಂದರೆ ಕೊನೆಗೆ ಯಾರ ಬೆರಳು ತಾಗಿತೋ ಅವರ ವಿರುದ್ಧ ಫ್ರೀ ಕಿಕ್. ‘ಲಾಸ್ಟ್ ಡಿಸ್ಪೋಸಲ್’ನಲ್ಲಿ ಒದೆತ ಮತ್ತು ಹ್ಯಾಂಡ್‌ಬಾಲ್ ಮಾತ್ರ ಲೆಕ್ಕಕ್ಕೆ. ಎದುರಾಳಿಯ ಮಾರ್ಕ್ ತಪ್ಪಿಸಲು ಮುಷ್ಟಿಯಿಂದ ಹೊಡೆದ ಚೆಂಡು ಹೊರಹೋದರೆ ಶಿಕ್ಷೆ ಇಲ್ಲ. ‘ಇನ್ನು ಮೇಲೆ ಡಿಫೆಂಡರ್ ಚೆಂಡು ಮುಟ್ಟಿದರೂ ಫ್ರೀ ಕಿಕ್ ಅಂತೆ’ ಎಂಬ ಅಂತೆಕಂತೆ ಹುಟ್ಟುವುದು ಈ ಎರಡು ಹೆಸರು ಬೆರೆಸುವುದರಿಂದ.

ಮಾತು 2: ‘ಒಬ್ಬ ಅಭಿಮಾನಿಗೂ ಇದು ಬೇಡ’

ಸಂವಹನ ಅಧ್ಯಯನದಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ಕಲಿಸುವ ಒಂದು ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಮಂದಿಗೆ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ಅದನ್ನು ನಂಬಿ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಅದಕ್ಕಿಂತ ಎಷ್ಟೋ ಚಿಕ್ಕ ಸಮೀಕ್ಷೆ ಮಾಡಿದ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದ್ದರು. ಡೈಜೆಸ್ಟ್‌ನ ಪಟ್ಟಿಯಲ್ಲಿ ಫೋನು, ಕಾರು ಇದ್ದ ಅನುಕೂಲಸ್ಥರೇ ಹೆಚ್ಚಿದ್ದರು. ಅವರಲ್ಲೂ ಉತ್ತರ ಬರೆದು ಕಳಿಸುವಷ್ಟು ಆಸಕ್ತಿ ಇದ್ದವರು ಮಾತ್ರ ಕಳಿಸಿದರು.

ಫುಟ್ಟಿಯ ನಿಯಮ ಬದಲಾದಾಗ ನಡೆಯುವ ಫೋನ್-ಇನ್, ಫೇಸ್‌ಬುಕ್ ಪೋಲ್, ಸುದ್ದಿ ಜಾಲತಾಣದ ‘ನೀವೇನಂತೀರಿ’ ಬಟನ್ ಎಲ್ಲಕ್ಕೂ ಇದೇ ಕಾಯಿಲೆ. ‘ಪರವಾಗಿಲ್ಲ, ನೋಡೋಣ’ ಎನ್ನುವವರು ಬಟನ್ ಒತ್ತುವುದಿಲ್ಲ. ಮೈ ಉರಿದವರು ಒತ್ತುತ್ತಾರೆ. ಅಭಿಮಾನಿಗಳ ಸಂಘಗಳೂ ಸಮೀಕ್ಷೆ ಮಾಡುತ್ತವೆ. ಅವು ಉಪಯುಕ್ತವೇ. ಆದರೆ ಸಂಘದ ಸಮೀಕ್ಷೆ ತುಂಬುವವರು ವಾರ ವಾರ ಆಟ ನೋಡುವ, ಹೆಚ್ಚು ಹಚ್ಚಿಕೊಂಡ ಅಭಿಮಾನಿಗಳು. ಶಾಲೆ ಮುಗಿಸಿ ಬಂದು ಟಿವಿ ಹಾಕುವ ಹುಡುಗಿಯ, ವರ್ಷಕ್ಕೊಮ್ಮೆ ಗ್ರ್ಯಾಂಡ್ ಫೈನಲ್ ಮಾತ್ರ ನೋಡುವ ವಲಸಿಗನ ಅಭಿಪ್ರಾಯ ಅದರಲ್ಲಿ ಇರುವ ಸಾಧ್ಯತೆ ಕಡಿಮೆ.

ಪ್ರಶ್ನೆ ಕೇಳುವ ರೀತಿಯೂ ಉತ್ತರವನ್ನು ತಿರುಗಿಸುತ್ತದೆ. ಸೆಂಟರ್ ಬೌನ್ಸ್ ಅನ್ನೇ ತೆಗೆದುಕೊಳ್ಳಿ. ಪ್ರತಿ ಕ್ವಾರ್ಟರ್‌ನ ಮೊದಲು, ಪ್ರತಿ ಗೋಲಿನ ನಂತರ ಅಂಪೈರ್ ಚೆಂಡನ್ನು ನೆಲಕ್ಕೆ ಬಲವಾಗಿ ಅಪ್ಪಳಿಸಿ ಮೇಲಕ್ಕೆ ಪುಟಿಸುವ ಪದ್ಧತಿ ಇದು. 2026ರಿಂದ ಅದರ ಬದಲು ಚೆಂಡನ್ನು ಮೇಲಕ್ಕೆ ಎಸೆಯುವುದಾಗಿ ಎಎಫ್‌ಎಲ್ ಹೇಳಿತು.

‘ನೂರಾರು ವರ್ಷದ ಸಂಪ್ರದಾಯವಾದ ಬೌನ್ಸ್ ತೆಗೆದುಹಾಕುವುದನ್ನು ಒಪ್ಪುತ್ತೀರಾ?’ ಎಂದು ಕೇಳಿದರೆ ಬಹಳ ಮಂದಿ ಇಲ್ಲ ಎಂದಾರು. ‘ಚೆನ್ನಾಗಿ ತೀರ್ಪು ಕೊಡುವ ಅಂಪೈರ್ ಒಬ್ಬರು ಬೌನ್ಸ್ ಸರಿ ಬಾರದ ಕಾರಣಕ್ಕೆ ಮೇಲಿನ ಹಂತಕ್ಕೆ ಹೋಗಲಾಗುತ್ತಿಲ್ಲ. ಚೆಂಡನ್ನು ಎಸೆಯಲು ಬಿಡಬಹುದೇ?’ ಎಂದರೆ ಅದೇ ಮಂದಿಯಲ್ಲಿ ಕೆಲವರಾದರೂ ಯೋಚಿಸುತ್ತಾರೆ. ಎರಡೂ ಪ್ರಶ್ನೆ ಒಂದೇ ನಿಯಮದ ಬಗ್ಗೆ. ಬೌನ್ಸ್ ಹಾಕಿ ಹಾಕಿ ಅಂಪೈರ್‌ಗಳ ಬೆನ್ನು, ಭುಜ ನೋಯುವುದು, ಚೆಂಡು ಓರೆಯಾಗಿ ಪುಟಿದು ಮತ್ತೆ ಹಾಕಬೇಕಾಗುವುದು ಹಳೆಯ ತಲೆನೋವು. ಮೈದಾನದ ಉಳಿದ ಕಡೆ ಬೌನ್ಸ್ 2013ರಲ್ಲೇ ನಿಂತಿತ್ತು. ನಡುವಿನದು ಮಾತ್ರ ಉಳಿದಿತ್ತು.

ಹಾಗೆಂದು ಅಭಿಮಾನಿಯ ಬೇಸರ ಸುಳ್ಳಲ್ಲ. ಗ್ರ್ಯಾಂಡ್ ಫೈನಲ್ ದಿನ ಒಂದು ಲಕ್ಷ ಜನ ಉಸಿರು ಬಿಗಿಹಿಡಿದು ನೋಡುವ ಮೊದಲ ಬೌನ್ಸ್‌ಗೆ ಆಟದ ಲೆಕ್ಕಾಚಾರದಲ್ಲಿ ಸಿಗದ ಒಂದು ಬೆಲೆ ಇದೆ. ಅದನ್ನು ಕಳೆದುಕೊಂಡವರ ನೋವನ್ನು ಅಂಕಿಅಂಶ ತೋರಿಸಿ ಬಾಯಿ ಮುಚ್ಚಿಸಲಾಗದು. ಆದರೆ ‘ನನಗೆ ನೋವಾಯಿತು’ ಎಂಬುದು ಒಂದು ಮಾತು, ‘ಎಲ್ಲರಿಗೂ ಬೇಡ’ ಎಂಬುದು ಇನ್ನೊಂದು ಮಾತು.

ಇದರ ಎದುರು ಎಎಫ್‌ಎಲ್ ಬೆಂಬಲಿಗರು ಹೇಳುವ ವಾದವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ‘ನಿಯಮ ಬೇಡವಾಗಿದ್ದರೆ ಜನ ಯಾಕೆ ಬರುತ್ತಾರೆ?’ ಎನ್ನುತ್ತಾರೆ ಅವರು. 2023 ಮತ್ತು 2024ರಲ್ಲಿ ಮೈದಾನಕ್ಕೆ ಬಂದ ಒಟ್ಟು ಪ್ರೇಕ್ಷಕರು 80 ಲಕ್ಷ ದಾಟಿದ್ದು ನಿಜ. ಆದರೆ ಜನ ಬರುವುದು ತಮ್ಮ ಕ್ಲಬ್‌ಗಾಗಿ. ಅಪ್ಪನಿಂದ ಮಗಳಿಗೆ ಬಂದ ಕಾಲಿಂಗ್‌ವುಡ್ ಅಥವಾ ರಿಚ್ಮಂಡ್ ಸ್ಕಾರ್ಫನ್ನು ಒಂದು ನಿಯಮದ ಸಿಟ್ಟಿಗೆ ಯಾರೂ ಬಿಸಾಕುವುದಿಲ್ಲ. ಮೈದಾನ ತುಂಬಿದ್ದು ನಿಯಮಕ್ಕೆ ಸಿಕ್ಕ ಒಪ್ಪಿಗೆ ಎಂದು ಓದುವುದೂ ತಪ್ಪೇ.

ಒಂದೇ ಆಟ, ಎರಡು ಕಣ್ಣು

ಅಭಿಮಾನಿಗಳ ಅಭಿಪ್ರಾಯ ಯಾಕೆ ಇಷ್ಟು ಗಟ್ಟಿಯಾಗಿರುತ್ತದೆ? 1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಪ್ರಿನ್ಸ್‌ಟನ್‌ನ ತಾರೆಯ ಮೂಗು ಮುರಿಯಿತು, ಡಾರ್ಟ್‌ಮತ್ ಆಟಗಾರನೊಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಸಂಶೋಧಕರು ಅದರ ಫಿಲಂ ಅನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಡಾರ್ಟ್‌ಮತ್‌ನವರಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಂಡವು. ಫಿಲಂ ಒಂದೇ ಆಗಿತ್ತು. 1954ರಲ್ಲಿ ಪ್ರಕಟವಾದ ಈ ಅಧ್ಯಯನ ಇವತ್ತಿಗೂ ಪಾಠವಾಗಿದೆ.

ಫುಟ್ಟಿ ಮೈದಾನದಲ್ಲಿ ಇದನ್ನು ವಾರ ವಾರ ಕೇಳಬಹುದು. ಚೆಂಡು ಹಿಡಿದ ಎದುರಾಳಿಯನ್ನು ತಮ್ಮವರು ಹಿಡಿದು ಕೆಡವಿದ ಕೂಡಲೇ ಸ್ಟ್ಯಾಂಡಿನಿಂದ ‘ಬಾ...ಲ್!’ ಎಂಬ ಕೂಗು ಏಳುತ್ತದೆ. ಚೆಂಡು ಬಿಡದೆ ಹಿಡಿದಿಟ್ಟುಕೊಂಡ, ಫ್ರೀ ಕಿಕ್ ಕೊಡು ಎಂದು ಅರ್ಥ. ಅದೇ ರೀತಿ ತಮ್ಮವನು ಬಿದ್ದಾಗ ಕೂಗು ಇರುವುದಿಲ್ಲ. ಹೊಸ ನಿಯಮದಡಿ ತಮ್ಮ ತಂಡದ ವಿರುದ್ಧ ಬಂದ ಮೊದಲ ತೀರ್ಪು ಬಹುಕಾಲ ನೆನಪಿರುತ್ತದೆ, ತಮ್ಮ ಪರ ಬಂದದ್ದು ಸಂಜೆಯೊಳಗೆ ಮರೆತುಹೋಗುತ್ತದೆ.

ಇನ್ನೆರಡು ಸಂಗತಿ ಇದಕ್ಕೆ ಸೇರುತ್ತವೆ. ಇರುವುದು ಇರುವ ಹಾಗೇ ಇರಲಿ ಎಂಬ ಒಲವು ಮನುಷ್ಯರಲ್ಲಿ ಬಲವಾಗಿದೆ ಎಂದು ವಿಲಿಯಂ ಸ್ಯಾಮ್ಯುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ 1988ರಲ್ಲೇ ತೋರಿಸಿದ್ದರು. ಇನ್ನು ನೆನಪು. ಹಳೇ ಪಂದ್ಯವೆಂದರೆ ನಾವು ಇವತ್ತು ನೋಡುವುದು ಅದರ ಮೂರು ನಿಮಿಷದ ಹೈಲೈಟ್ಸ್. ಮಳೆಯಲ್ಲಿ ಕೆಸರಾಗಿ ಎರಡು ತಾಸು ಚೆಂಡೇ ಕಾಣದ ಪಂದ್ಯಗಳನ್ನು ಯಾರೂ ಯೂಟ್ಯೂಬ್‌ಗೆ ಹಾಕುವುದಿಲ್ಲ. ಹಳೆಯದರ ಉತ್ತಮ ತುಣುಕನ್ನು ಇವತ್ತಿನ ಇಡೀ ಪಂದ್ಯದ ಪಕ್ಕ ಇಟ್ಟರೆ ಹಳೆಯದೇ ಗೆಲ್ಲುತ್ತದೆ.

ಮಾತು 3: ‘ಹೊಸ ನಿಯಮದಿಂದ ಗೋಲಿನ ಮಳೆ’

ಇದು ಸಾಮಾನ್ಯವಾಗಿ ನಿಯಮ ತರುವವರ ಕಡೆಯ ಮಾತು. ಇಲ್ಲಿ ಅಭಿಮಾನಿಗಳ ಅನುಮಾನಕ್ಕೆ ಗಟ್ಟಿ ಕಾರಣ ಇದೆ.

ಅತಿ ಹೆಚ್ಚು ಸ್ಕೋರ್ ಬಂದ ಸೀಸನ್ 1982. ಆಗ ತಂಡವೊಂದರ ಸರಾಸರಿ ಪಂದ್ಯಕ್ಕೆ 110 ಪಾಯಿಂಟ್ ದಾಟಿತ್ತು. 2018ಕ್ಕೆ ಅದು ಸುಮಾರು 83ಕ್ಕೆ ಇಳಿದಿತ್ತು. ಜನ ಗುಂಪುಗೂಡಿ ಆಡುವುದನ್ನು ತಪ್ಪಿಸಲು ಎಎಫ್‌ಎಲ್ 2019ರಲ್ಲಿ ‘6-6-6’ ನಿಯಮ ತಂದಿತು. ಸೆಂಟರ್ ಬೌನ್ಸ್ ಆಗುವಾಗ ಪ್ರತಿ ತಂಡದ ಆರು ಮಂದಿ ಮುಂದೆ, ಆರು ಮಂದಿ ನಡುವೆ, ಆರು ಮಂದಿ ಹಿಂದೆ ಇರಲೇಬೇಕು. ಕೇಳಿದರೆ ಸ್ಕೋರ್ ಏರಲೇಬೇಕು ಅನಿಸುತ್ತದೆ. ಆದದ್ದೇನು? 2019ರ ಸರಾಸರಿ ಸುಮಾರು 80. 1960ರ ದಶಕದ ನಂತರ ಅಷ್ಟು ಕಡಿಮೆ ಆಗಿರಲಿಲ್ಲ.

ಯಾಕೆ ಹೀಗಾಯಿತು ಎಂದು ಊಹಿಸುವುದು ಕಷ್ಟವಲ್ಲ. ನಿಯಮ ಅನ್ವಯಿಸುವುದು ಬೌನ್ಸ್ ಆಗುವ ಕ್ಷಣಕ್ಕೆ ಮಾತ್ರ. ಚೆಂಡು ಮೇಲೆದ್ದ ಮರುಕ್ಷಣವೇ ಎಲ್ಲರೂ ಎಲ್ಲಿ ಬೇಕಾದರೂ ಓಡಬಹುದು. ಕೋಚ್‌ಗಳು ಕೆಲವೇ ವಾರಗಳಲ್ಲಿ ಹೊಸ ನಿಯಮಕ್ಕೆ ಹೊಸ ಉಪಾಯ ಹುಡುಕುತ್ತಾರೆ. ನಿಯಮ ಒಂದು ಬಾಗಿಲು ಮುಚ್ಚಿದರೆ ಅವರು ಕಿಟಕಿ ತೆರೆಯುತ್ತಾರೆ.

ಹಾಗಿದ್ದರೆ ನಿಯಮ ಸೋತಿತೇ? ಅಷ್ಟು ಬೇಗ ತೀರ್ಪು ಬೇಡ. ಆ ನಿಯಮ ಇಲ್ಲದಿದ್ದರೆ ಸ್ಕೋರ್ ಇನ್ನೂ ಕೆಳಗಿಳಿಯುತ್ತಿತ್ತೇ ಎಂಬುದು ಆ ಒಂದು ಅಂಕಿಯಿಂದ ತಿಳಿಯದು. ಅದೇ ವರ್ಷ ಒಟ್ಟಿಗೆ ಒಂಬತ್ತು ಬದಲಾವಣೆ ಬಂದಿದ್ದವು. ಒಂದೇ ಸಲ ಒಂಬತ್ತು ಔಷಧಿ ನುಂಗಿದವನಿಗೆ ಯಾವುದರಿಂದ ಹೊಟ್ಟೆ ಕೆಟ್ಟಿತು, ಯಾವುದರಿಂದ ಜ್ವರ ಇಳಿಯಿತು ಎಂದು ಹೇಳಲಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ: 2020ರ ಸ್ಕೋರ್ ತೋರಿಸಿ ‘ನೋಡಿ, ಆಟ ಸತ್ತೇಹೋಯಿತು’ ಎನ್ನುವ ಚಿತ್ರ ಕಂಡರೆ ನಂಬಬೇಡಿ. ಕೋವಿಡ್ ಕಾರಣಕ್ಕೆ ಆ ವರ್ಷ ಒಂದೊಂದು ಕ್ವಾರ್ಟರ್ ಅನ್ನು 20ರ ಬದಲು 16 ನಿಮಿಷಕ್ಕೆ ಇಳಿಸಿದ್ದರು. ಆಟವೇ ಚಿಕ್ಕದಾದಾಗ ಸ್ಕೋರೂ ಚಿಕ್ಕದೇ.

ಅಭಿಮಾನಿಗಳ ಅಸಮಾಧಾನ ಸರಿಯಿತ್ತು ಎನ್ನಬಹುದಾದ ಉದಾಹರಣೆಯೂ ಇದೆ. 2011ರಲ್ಲಿ ನಾಲ್ವರು ಇಂಟರ್‌ಚೇಂಜ್ ಆಟಗಾರರ ಬದಲು ಮೂವರು ಮತ್ತು ಒಬ್ಬ ‘ಸಬ್’ ಎಂದು ಮಾಡಿದರು. ಆಗ ಒಂದು ತಂಡ ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಬಾರಿ ಆಟಗಾರರನ್ನು ಬದಲಿಸುತ್ತಿತ್ತು. ಅದನ್ನು ತಗ್ಗಿಸುವುದು, ಒಬ್ಬ ಗಾಯಗೊಂಡರೆ ಆ ತಂಡಕ್ಕೆ ಅನ್ಯಾಯವಾಗದಂತೆ ನೋಡುವುದು ಉದ್ದೇಶ. ಸಬ್ ಆದವನು ಹಸಿರು ವೆಸ್ಟ್ ಹಾಕಿಕೊಂಡು ಬಹಳ ಹೊತ್ತು ಬೆಂಚಿನಲ್ಲಿ ಕೂರಬೇಕು. ಅವನು ಒಳಗೆ ಹೋದರೆ ಹೊರಬಂದವನಿಗೆ ಕೆಂಪು ವೆಸ್ಟ್, ಅವನ ಆಟ ಅಲ್ಲಿಗೆ ಮುಗಿಯಿತು. ಆಟಗಾರರಿಗೂ ಅಭಿಮಾನಿಗಳಿಗೂ ಇದು ಹಿಡಿಸಲಿಲ್ಲ. 2015ರ ನಂತರ ಅದನ್ನು ಕೈಬಿಟ್ಟು, 2016ರಿಂದ ಒಟ್ಟು ಬದಲಾವಣೆಗೆ 90ರ ಮಿತಿ ಹಾಕಿದರು. 2021ರಲ್ಲಿ ಮಿತಿ 75ಕ್ಕೆ ಇಳಿಯಿತು. ಅದೇ ವರ್ಷ ಸಬ್ ‘ಮೆಡಿಕಲ್ ಸಬ್’ ಹೆಸರಲ್ಲಿ ಮರಳಿ ಬಂತು, 2023ರಲ್ಲಿ ಯಾವ ಕಾರಣಕ್ಕಾದರೂ ಬಳಸಬಹುದೆಂದಾಯಿತು. 2026ಕ್ಕೆ ಮತ್ತೆ ಸಬ್ ರದ್ದು, ಬೆಂಚಿನಲ್ಲಿ ಐವರು ಎಂದು ಘೋಷಣೆ. ಹತ್ತು ಹದಿನೈದು ವರ್ಷದಲ್ಲಿ ಒಂದೇ ವಿಷಯ ಇಷ್ಟು ಸಲ ತಿರುವುಮುರುವಾದರೆ ‘ಇವರಿಗೇ ಗೊತ್ತಿಲ್ಲ’ ಎಂದು ಅಭಿಮಾನಿ ಗೊಣಗುವುದರಲ್ಲಿ ತಪ್ಪೇನಿದೆ?

ನಮಗೆ ಇದು ತೀರ ಅಪರಿಚಿತ ಜಗಳವೇನಲ್ಲ. 2023ರಲ್ಲಿ ಐಪಿಎಲ್‌ಗೆ ಇಂಪ್ಯಾಕ್ಟ್ ಪ್ಲೇಯರ್ ಬಂದಾಗ ರನ್ ಹೆಚ್ಚಿದ್ದಕ್ಕೆ ಖುಷಿಪಟ್ಟವರೂ ಇದ್ದರು, ಆಲ್‌ರೌಂಡರ್‌ಗಳಿಗೆ ಜಾಗ ಹೋಯಿತೆಂದು ಬೇಸರಪಟ್ಟವರೂ ಇದ್ದರು. ರೋಹಿತ್ ಶರ್ಮಾ ಅವರೇ ತಮಗೆ ಅದು ಅಷ್ಟು ಇಷ್ಟವಿಲ್ಲ ಎಂದು ಬಹಿರಂಗವಾಗಿ ಹೇಳಿದ್ದರು.

ಮಾತು 4: ‘ತಲೆ ಮುಟ್ಟಬಾರದಂತೆ, ಆಟ ಮೆತ್ತಗಾಯಿತು’

ಹೆಚ್ಚು ಹಂಚಿಕೆಯಾಗುವುದೂ ಇದೇ, ಹೆಚ್ಚು ಹಾನಿ ಮಾಡುವುದೂ ಇದೇ. ಬೌನ್ಸ್ ಇರಲಿ, ಬಿಡಲಿ, ಯಾರ ಜೀವವೂ ಹೋಗುವುದಿಲ್ಲ. ತಲೆಯ ವಿಷಯ ಹಾಗಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಕಾಲಿಂಗ್‌ವುಡ್ ಮತ್ತು ಮೆಲ್ಬರ್ನ್ ನಡುವಿನ ಫೈನಲ್ಸ್ ಪಂದ್ಯವೊಂದರಲ್ಲಿ ಬ್ರೇಡನ್ ಮೇನಾರ್ಡ್ ಒದೆತವನ್ನು ತಡೆಯಲು ಹಾರಿ, ಕೆಳಗಿಳಿಯುವಾಗ ಆಂಗಸ್ ಬ್ರೇಶಾ ಅವರ ತಲೆಗೆ ಬಡಿದರು. ಬ್ರೇಶಾ ಪ್ರಜ್ಞೆ ತಪ್ಪಿದರು. ಆಗಿನ ನಿಯಮದಡಿ ಟ್ರಿಬ್ಯುನಲ್ ಮೇನಾರ್ಡ್ ತಪ್ಪಿತಸ್ಥ ಅಲ್ಲ ಎಂದಿತು. 2024ರ ಫೆಬ್ರವರಿಯಲ್ಲಿ ಬ್ರೇಶಾ ವೈದ್ಯರ ಸಲಹೆಯಂತೆ ಆಟಕ್ಕೆ ವಿದಾಯ ಹೇಳಿದರು. ವಯಸ್ಸು 28. ಹಾರಿ ತಡೆಯುವವನು ಎದುರಾಳಿಯ ತಲೆಗೆ ಬಡಿದರೆ ಅವನ ಹೊಣೆ ಹೆಚ್ಚುವಂತೆ ಆ ವರ್ಷವೇ ನಿಯಮ ಬದಲಾಯಿತು.

ಕನ್‌ಕಶನ್ ಎಂದರೆ ತಲೆಗೆ ಅಥವಾ ದೇಹಕ್ಕೆ ಬಿದ್ದ ಪೆಟ್ಟಿನಿಂದ ಬುರುಡೆಯೊಳಗೆ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾಗುವುದು. ಮೂಳೆ ಮುರಿದಂತೆ ಹೊರಗೆ ಕಾಣುವುದಿಲ್ಲ. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ. ಗಲಿಬಿಲಿ, ತಲೆನೋವು, ವಾಂತಿ, ಬೆಳಕು ಕಂಡರೆ ಕಿರಿಕಿರಿ ಇವೆಲ್ಲ ಲಕ್ಷಣ. 2021ರಿಂದ ಎಎಫ್‌ಎಲ್‌ನಲ್ಲಿ ಕನ್‌ಕಶನ್ ಆದ ಆಟಗಾರ ಕನಿಷ್ಠ 12 ದಿನ ಆಡುವಂತಿಲ್ಲ.

ವರ್ಷಗಟ್ಟಲೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಮಿದುಳಿನ ಕಾಯಿಲೆಯನ್ನು ಸದ್ಯಕ್ಕೆ ಖಚಿತವಾಗಿ ಪತ್ತೆ ಹಚ್ಚುವುದು ಸಾವಿನ ನಂತರ ಮಿದುಳಿನ ಪರೀಕ್ಷೆಯಿಂದ ಮಾತ್ರ. ಫುಟ್ಟಿಯ ದಂತಕಥೆ ಗ್ರಹಾಂ ‘ಪಾಲಿ’ ಫಾರ್ಮರ್ ಅವರಲ್ಲಿ ಇದು ಇತ್ತೆಂದು 2020ರಲ್ಲಿ ತಿಳಿಯಿತು. ರಿಚ್ಮಂಡ್ ಪರ 173 ಪಂದ್ಯ ಆಡಿದ್ದ ಶೇನ್ ಟಕ್ 2020ರಲ್ಲಿ 38ನೇ ವಯಸ್ಸಿಗೇ ತೀರಿಕೊಂಡರು. ಅವರು ಬಾಕ್ಸಿಂಗ್ ಕೂಡ ಆಡಿದ್ದರು. ಮಿದುಳಿನಲ್ಲಿ ತೀವ್ರ ಸಿಟಿಇ ಇತ್ತು. 2023ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾದ ಕೊರೋನರ್, ತರಬೇತಿಯಲ್ಲಿ ಮೈಗೆ ಮೈ ತಾಗುವ ಅಭ್ಯಾಸಕ್ಕೆ ಮಿತಿ ಹಾಕಬೇಕೆಂದು ಶಿಫಾರಸು ಮಾಡಿದರು.

‘ಹೆಲ್ಮೆಟ್ ಹಾಕಿಸಿದರೆ ಸಾಕಲ್ಲ, ನಿಯಮ ಯಾಕೆ?’ ಎಂಬ ಪ್ರಶ್ನೆಯೂ ಬರುತ್ತದೆ. ಫುಟ್ಟಿಯಲ್ಲಿ ಕೆಲವರು ಹಾಕುವ ಮೆತ್ತನೆಯ ಟೋಪಿ ಚರ್ಮ ಕೆತ್ತುವುದನ್ನು, ಗಾಯವನ್ನು ಕಡಿಮೆ ಮಾಡಬಹುದು. ಕನ್‌ಕಶನ್ ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಬುರುಡೆಯ ಹೊರಗಿನ ಪದರ ಒಳಗಿನ ಮಿದುಳಿನ ಅಲುಗಾಟವನ್ನು ನಿಲ್ಲಿಸಲಾರದು. ಹಾಗಾಗಿ ಪೆಟ್ಟು ಬೀಳುವ ಸಂದರ್ಭವನ್ನೇ ಕಡಿಮೆ ಮಾಡಬೇಕು, ಅದಕ್ಕೆ ನಿಯಮವೇ ದಾರಿ.

ಇಲ್ಲೂ ಅಭಿಮಾನಿಗಳು ಕೇಳುವ ನ್ಯಾಯವಾದ ಪ್ರಶ್ನೆಗಳಿವೆ. ಒಂದು ಕ್ಷಣದಲ್ಲಿ ನಡೆದ ಅಪಘಾತಕ್ಕೂ ಬೇಕೆಂದೇ ಮಾಡಿದ್ದಕ್ಕೂ ಒಂದೇ ಶಿಕ್ಷೆಯೇ? ಪೆಟ್ಟು ತಿಂದವನ ಗಾಯ ನೋಡಿ ಶಿಕ್ಷೆ ಅಳೆಯುವುದು ಸರಿಯೇ? ಚರ್ಚೆ ನಡೆಯಬೇಕಾದದ್ದು ಇವುಗಳ ಮೇಲೆ. ‘ನಮ್ಮ ಕಾಲದಲ್ಲಿ ತಲೆಗೆ ಬಿದ್ದರೂ ಎದ್ದು ಆಡುತ್ತಿದ್ದರು’ ಎಂಬುದು ಹೆಮ್ಮೆಯ ಮಾತಾಗಿ ಕೇಳಿಸಬಹುದು. ಹಾಗೆ ಎದ್ದು ಆಡಿದವರಲ್ಲಿ ಕೆಲವರಿಗೆ ವಯಸ್ಸಾದ ಮೇಲೆ ಏನಾಯಿತು ಎಂಬುದು ಈಗ ತಿಳಿಯುತ್ತಿದೆ. ಈ ಮಾತನ್ನು ನಂಬಿ ಶಾಲೆಯ ಮೈದಾನದಲ್ಲಿ ತಲೆಗೆ ಪೆಟ್ಟು ಬಿದ್ದ ಮಗುವನ್ನು ‘ಏನಾಗಲ್ಲ, ಹೋಗು ಆಡು’ ಎಂದು ಕಳಿಸುವವರು ನಮ್ಮ ಊರಲ್ಲೂ ಇದ್ದಾರೆ. ಯಾವ ಆಟವೇ ಆಗಲಿ, ಅಂಥ ಮಗುವನ್ನು ಆ ದಿನ ಮತ್ತೆ ಆಡಿಸಬಾರದು. ವೈದ್ಯರಿಗೆ ತೋರಿಸಬೇಕು.

ಫಾರ್ವರ್ಡ್ ಮಾಡುವ ಮುನ್ನ

ನಿಯಮ ಬದಲಾವಣೆಯ ಬಗ್ಗೆ ಪೋಸ್ಟ್ ಬಂದರೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಬದಲಾದದ್ದು ನಿಯಮವೋ, ಅದನ್ನು ಅಂಪೈರ್‌ಗಳು ಅನ್ವಯಿಸುವ ರೀತಿಯೋ? 2022ರಲ್ಲಿ ಅಂಪೈರ್ ಎದುರು ಕೈ ಚಾಚಿ ಪ್ರತಿಭಟಿಸಿದವರಿಗೆ 50 ಮೀಟರ್ ದಂಡ ಬೀಳತೊಡಗಿದಾಗ ಹಲವರು ಅದನ್ನು ಹೊಸ ನಿಯಮ ಎಂದರು. ಅಂಪೈರ್‌ಗೆ ಎದುರಾಡಬಾರದೆಂಬ ನಿಯಮ ಮೊದಲೇ ಇತ್ತು, ಬಿಗಿಯಾದದ್ದು ಜಾರಿ.
2. ‘ಅಭಿಮಾನಿಗಳು’ ಎಂದರೆ ಯಾರು? ಎಷ್ಟು ಜನರನ್ನು, ಹೇಗೆ ಆರಿಸಿ, ಏನೆಂದು ಕೇಳಿದರು?
3. ಹೋಲಿಸಿದ ಎರಡು ವರ್ಷಗಳಲ್ಲಿ ಆಟದ ಅವಧಿ, ಬೆಂಚು, ಉಳಿದ ನಿಯಮಗಳು ಒಂದೇ ಆಗಿದ್ದವೇ?
4. ಇದು ಸೊಗಸಿನ ವಿಷಯವೋ, ಸುರಕ್ಷತೆಯ ವಿಷಯವೋ? ಸೊಗಸಿನ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಸುರಕ್ಷತೆಯ ಬಗ್ಗೆ ಬರೆದ ಸುಳ್ಳು ಯಾರದೋ ಮಗುವಿನ ತಲೆಯ ಮೇಲೆ ಬೀಳುತ್ತದೆ.

ಫುಟ್ಟಿಯ ನಿಯಮಗಳಿಗೆ ಕೊನೆಯ ಮುದ್ರೆ ಒತ್ತುವುದು ಎಎಫ್‌ಎಲ್ ಕಮಿಷನ್. ಆದರೆ ಸಬ್ ವೆಸ್ಟಿನ ಕಥೆ ಹೇಳುವಂತೆ, ಜನರ ಗೊಣಗಾಟಕ್ಕೆ ಅಲ್ಲಿ ಬೆಲೆ ಇಲ್ಲವೆಂದೇನೂ ಅಲ್ಲ. ಗೊಣಗುವುದು ಅಭಿಮಾನಿಯ ಹಕ್ಕು. ಹಾಗೆ ಗೊಣಗುವಾಗ 1859ರ ಹತ್ತು ನಿಯಮದಲ್ಲೇ ಆಟ ನಿಂತಿದ್ದರೆ ಗೋಲಿಗೆ 6 ಪಾಯಿಂಟೂ ಇರುತ್ತಿರಲಿಲ್ಲ, ತಂಡಕ್ಕೆ 18 ಮಂದಿಯೂ ಇರುತ್ತಿರಲಿಲ್ಲ ಎಂಬುದು ನೆನಪಿದ್ದರೆ ಒಳ್ಳೆಯದು.